ನನಗಿಂತ ಮೊದಲೇ ಬಂದು ಕಾರು ನೋಡಿ ಹೋದವರು

ದೆವ್ವ, ಭೂತ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಡುವೆ ಪ್ರಶ್ನೆ ಕೇಳಿ ಕಥೆಯ ರುಚಿ ಕೆಡಿಸುವ ಮನುಷ್ಯ ನಾನು. ಆಗ ಗಂಟೆ ಎಷ್ಟಾಗಿತ್ತು, ದೀಪ ಎಲ್ಲಿತ್ತು, ನೀವು ಕನ್ನಡಕ ಹಾಕಿಕೊಂಡಿದ್ದಿರೋ ಇಲ್ಲವೋ ಎಂದು ಒಂದೊಂದೇ ಕೇಳುತ್ತಿದ್ದೆ. ಸರ್ಕಾರಿ ತರಬೇತಿ ಕೇಂದ್ರದಲ್ಲಿ ಮೂವತ್ತು ವರ್ಷ ಹುಡುಗರಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದವನು ನಾನು. ಕಾರಣವಿಲ್ಲದೆ ಯಾವುದೂ ಸದ್ದು ಮಾಡುವುದಿಲ್ಲ ಎಂಬುದೇ ನನ್ನ ವೇದವಾಕ್ಯ. ಈ ಗುಣದಿಂದಾಗಿ ನೆಂಟರ ಮನೆಯಲ್ಲಿ ಊಟವಾದ ಮೇಲಿನ ಹರಟೆಗೆ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದರು.

ಈಗ ನಾನೇ ಒಂದು ಕಥೆ ಹೇಳಲು ಹೊರಟಿದ್ದೇನೆ. ನೀವು ಎಷ್ಟು ಬೇಕಾದರೂ ಪ್ರಶ್ನೆ ಕೇಳಿ, ನನ್ನ ಬಳಿ ಉತ್ತರವಿಲ್ಲ ಅಷ್ಟೇ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿ, ಹುಣಸೆ ಮರದ ಕೆಳಗೆ ನಡೆಯುತ್ತವೆ ಎಂದು ಕೇಳಿದ್ದೆ. ನನಗಾದದ್ದು ಖಾನಾಪುರದಲ್ಲಿ, ಬೆಳಗಿನ ಹತ್ತೂವರೆಯ ಬಿಸಿಲಿನಲ್ಲಿ, ಒಂದು ಮನೆಯ ಅಂಗಳದಲ್ಲಿ.

ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಮಿಕ್ಸರ್ ರಿಪೇರಿ ಮಾಡಿ ಮಾಡಿ ಕೆಡಿಸಿದ್ದಾಯಿತು. ಅವಳೇ ಒಂದು ದಿನ ಕೈಮುಗಿದು, ಬೇರೆ ಏನಾದರೂ ಮಾಡಿ ಎಂದಳು. ಆಗ ಹಿಡಿದದ್ದು ಈ ಕೆಲಸ. ದೂರದ ಊರಿನವರು ಬೆಳಗಾವಿ ಕಡೆಯ ಹಳೆಯ ಕಾರನ್ನು ಮೊಬೈಲಿನಲ್ಲಿ ನೋಡಿ ಮೆಚ್ಚಿಕೊಂಡಿರುತ್ತಾರೆ. ಬಂದು ನೋಡಲು ಆಗುವುದಿಲ್ಲ, ಮಾರುವವರ ಮಾತು ನಂಬಲೂ ಆಗುವುದಿಲ್ಲ. ಅವರ ಪರವಾಗಿ ನಾನು ಹೋಗಿ ಕಾರು ನೋಡಿ, ಒಂದು ಹಾಳೆಯಲ್ಲಿ ಸರಿ-ತಪ್ಪು ಗುರುತು ಹಾಕಿ, ಸಹಿ ಮಾಡಿ ಫೋಟೋ ಕಳಿಸುತ್ತೇನೆ. ನನಗೆ ಒಂದು ನಿಯಮವಿತ್ತು. ಕೆಲಸ ಮುಗಿಯುವ ತನಕ ಮಾರುವವರ ಮನೆಯ ನೀರನ್ನೂ ಮುಟ್ಟುವುದಿಲ್ಲ. ಒಮ್ಮೆ ಚಹಾ ಕುಡಿದೆವೋ, ನಾಲಿಗೆ ಮೆತ್ತಗಾಗುತ್ತದೆ. ನಮ್ಮ ಕಡೆ ನೀರು ಬೇಡ ಎಂದರೆ ಮಂದಿಗೆ ಸಿಟ್ಟು ಬರುತ್ತದೆ, ಬರಲಿ ಎಂದು ಬಿಟ್ಟಿದ್ದೆ.

ಆ ಸಲ ಫೋನು ಮಾಡಿದ್ದು ಬೀದರಿನ ಸುಜಾತಾ ಎಂಬ ಶಾಲಾ ಶಿಕ್ಷಕಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎರಡೂ ಕಾಲಿನಲ್ಲಿ ಶಕ್ತಿಯಿಲ್ಲ. ಕೈಯಿಂದಲೇ ಬ್ರೇಕು, ಕೈಯಿಂದಲೇ ವೇಗ ಇರುವ ಕಾರು ಅವರಿಗೆ ಬೇಕು. ಅಂಥವು ಮಾರಾಟಕ್ಕೆ ಬರುವುದೇ ಅಪರೂಪ, ಅದಕ್ಕೇ ಅಷ್ಟು ದೂರದಿಂದ ಹುಡುಕಿ ಖಾನಾಪುರದ್ದೊಂದನ್ನು ಹಿಡಿದಿದ್ದರು. "ದಿನಾ ಆಟೋದಾಗ ಯಾರರ ಎತ್ತಿ ಕೂಡಿಸಬೇಕ್ರಿ ಸರ್. ಒಂದಿನ ನಾನೇ ಕೂತು, ನಾನೇ ಹೋಗಬೇಕು ಅಂತ ಆಸೆ ಅದ. ನೀವು ನೋಡೀರಿ ಅಂದ್ರ ನಾ ಕಣ್ಣು ಮುಚ್ಚಿ ತಗೋತೀನಿ" ಎಂದರು. ಆ ಮಾತಿಗೆ ನನ್ನ ಎದೆ ಉಬ್ಬಿತು. ಸುಳ್ಳೇಕೆ ಹೇಳಲಿ?

ಆದರೆ ನಾನು ಹೋಗಬೇಕಾದ ದಿನವೇ ನಮ್ಮ ಮಗಳನ್ನು ನೋಡಲು ಧಾರವಾಡದಿಂದ ಗಂಡಿನವರು ಬರುವವರಿದ್ದರು. ಸಂಜೆ ನಾಲ್ಕಕ್ಕೆ ಬರುತ್ತೇವೆ ಎಂದಿದ್ದರು. ಮನೆಯಲ್ಲಿ ಬೆಳಗಿನಿಂದಲೇ ಗದ್ದಲ. ಬಾಡಿಗೆ ಕುರ್ಚಿ ಸಾಲದು ಎಂದು ನಾನು, ಸಾಕು ಎಂದು ತಮ್ಮ, ಇಬ್ಬರಿಗೂ ಜಗಳ. ಎರಡು ಗಂಟೆಯೊಳಗೆ ಬರದಿದ್ದರೆ ನೋಡಿ ಎಂದು ಹೆಂಡತಿ ಎಚ್ಚರಿಸಿಯೇ ಕಳಿಸಿದಳು. ಬೆಳಗಾವಿಯಲ್ಲಿ ರೈಲು ಹತ್ತಿದೆ. ದೇಸೂರ ದಾಟಿದ ಮೇಲೆ, ಹೊತ್ತು ಉಳಿಯಲಿ ಎಂದು, ಮಾಡಬಾರದ ಕೆಲಸವೊಂದನ್ನು ಮಾಡಿದೆ. ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಾರು ನೋಡುವ ಮೊದಲೇ ಅಷ್ಟೂ ಸಾಲಿಗೆ 'ಸರಿ' ಗುರುತು ಹಾಕಿ, ಸಹಿಯನ್ನೂ ಮಾಡಿಬಿಟ್ಟೆ. ಒಬ್ಬರೇ ಓಡಿಸಿದ ಕಾರು, ಮುದುಕರ ಕಾರು, ಏನಾಗಿರುತ್ತದೆ? ತಪ್ಪು ಕಂಡರೆ ತಿದ್ದಿದರಾಯಿತು ಎಂದುಕೊಂಡೆ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ಅವನ ಕಿವಿ ನನ್ನ ಕೈಯಲ್ಲಿರುತ್ತಿತ್ತು.

ಕಾರಿನವರು ವಿಠ್ಠಲ ಕಾಕಾ. ಅವರಿಗೆ ಹಿಂದೆ ಅಪಘಾತದಲ್ಲಿ ಕಾಲು ಹೋಗಿತ್ತು, ಈಗ ಕಣ್ಣೂ ಮಂಜಾಗಿ ಕಾರು ಮಾರಲು ಹೊರಟಿದ್ದರು. ಅಂಗಳದಲ್ಲಿ ಬೂದು ಬಣ್ಣದ ಕಾರು ತೊಳೆದು ನಿಂತಿತ್ತು. ಗೇಟು ತೆಗೆದವರು ಅವರ ಹೆಂಡತಿ, ಓಣಿಗೆಲ್ಲ ಕಾಕು. ನಾನು ಹೆಸರು ಹೇಳುವ ಮೊದಲೇ ಅವರು ನಕ್ಕರು.

"ಅಯ್ಯ, ಮತ್ತ ಬಂದ್ರಿ ಮಾಸ್ತರ? ಏನರ ಮರತು ಹೋಗಿದ್ರೇನ್ರಿ?"

ನಾನು ಇದೇ ಮೊದಲು ಬರುತ್ತಿದ್ದೇನೆ ಎಂದೆ. ಅವರು ಇನ್ನೂ ಜೋರಾಗಿ ನಕ್ಕು ಒಳಗಿದ್ದ ಗಂಡನಿಗೆ ಕೂಗಿದರು. "ಅಹೋ, ಮಾಸ್ತರ ಚೇಷ್ಟಿ ಮಾಡಾಕತ್ತಾರ ನೋಡ್ರಿ! ಮುಂಜಾನಿ ಎಂಟಕ್ಕ ಬಂದು, ನಾಕೂ ಗಾಲಿ ಬಿಚ್ಚಿ ನೋಡಿ, ಮೂರು ಆಂಬೋಳಿ ತಿಂದು, ಇನ್ನೊಂದು ಕಟ್ಟಿಸ್ಕೊಂಡು ಹೋದ್ರು. ಈಗ ಬಂದೇ ಇಲ್ಲ ಅಂತಾರ!"

ಮೂರು ದಪ್ಪ ದೋಸೆ ತಿಂದು ಹೋದವರು ಬೇರೆ ಯಾರೋ ಇರಬೇಕು ಎಂದೆ. ಕಾಕು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಇದೇ ತಿಳಿನೀಲಿ ಅಂಗಿ, ಇದೇ ದಾರ ಕಟ್ಟಿದ ಕನ್ನಡಕ, ಇದೇ ಹೆಬ್ಬೆರಳಿನ ಪಟ್ಟಿ ಎಂದು ಲೆಕ್ಕ ಒಪ್ಪಿಸಿದರು. ಹೆಬ್ಬೆರಳಿನ ಗಾಯಕ್ಕೆ ನಾನು ಪಟ್ಟಿ ಕಟ್ಟಿಕೊಂಡದ್ದು ಹಿಂದಿನ ದಿನ ಸಂಜೆ. ಆಮೇಲೆ ಟಿವಿಯ ಮೇಲಿಂದ ಒಂದು ಹಾಳೆ ತಂದು ಕೈಗೆ ಕೊಟ್ಟರು.

ಅದು ನನ್ನ ಹಾಳೆ. ನಾನೇ ಗೆರೆ ಎಳೆದು ಝೆರಾಕ್ಸ್ ಮಾಡಿಸಿ, ಮೇಲೆ ಕೈಯಿಂದ ಸಂಖ್ಯೆ ಬರೆದಿಟ್ಟುಕೊಳ್ಳುವ ಹಾಳೆ. ಅದರ ಮೇಲೆ ನಲವತ್ತೊಂದು ಎಂದಿತ್ತು. ಚೀಲದಲ್ಲಿದ್ದ ನನ್ನ ಹಾಳೆ ತೆಗೆದು ನೋಡಿದೆ. ಅದೂ ನಲವತ್ತೊಂದು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ನಕಲು ಮಾಡಲು ಹೊರಟವನಿಗೇ ತಲೆನೋವು ಬರಬೇಕು. ಎರಡೂ ಹಾಳೆಯಲ್ಲಿ ಅದೇ ಅಕ್ಷರ, ಅದೇ ಸಹಿ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾದದ್ದು ದೆವ್ವಕ್ಕಲ್ಲ, ನನ್ನ ತಲೆಗೆ. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಊಟ ಮಾಡಿದ್ದನ್ನೇ ಮರೆತು ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದರು. ನನಗೂ ಶುರುವಾಯಿತೇ? ಅಂಗಳದ ಮೂಲೆಗೆ ಹೋಗಿ ಹೆಂಡತಿಗೆ ಫೋನು ಮಾಡಿ, ಎಂಟು ಗಂಟೆಗೆ ನಾನು ಎಲ್ಲಿದ್ದೆ ಎಂದು ಕೇಳಿದೆ.

"ಎಂಟಕ್ಕ ಕುರ್ಚಿ ಸಲುವಾಗಿ ನಿಮ್ಮ ತಮ್ಮನ ಕೂಡ ಜಗಳಾ ತೆಗದಿದ್ರಿ. ಇಡೀ ಓಣಿ ಕೇಳೇತಿ. ಯಾಕ್ರೀ, ಅಂವಾ ಮತ್ತ ಫೋನ್ ಮಾಡಿದ್ನೇನು?" ಎಂದಳು. ಅಷ್ಟು ಸಮಾಧಾನ ನನಗೆ ಯಾವ ಜಗಳದಿಂದಲೂ ಸಿಕ್ಕಿರಲಿಲ್ಲ.

ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಒಂದು ಸಾಲು ಬಿಟ್ಟರೆ ಎಲ್ಲ ಒಂದೇ. ಬ್ರೇಕಿನ ಎದುರು ನನ್ನ ಹಾಳೆಯಲ್ಲಿ 'ಸರಿ' ಇತ್ತು. ಬೆಳಗಿನ ಹಾಳೆಯಲ್ಲಿ ತಪ್ಪು ಗುರುತಿನ ಜೊತೆಗೆ ಹೀಗೆ ಬರೆದಿತ್ತು: 'ಹಿಂದಿನ ಎಡಗಾಲಿಯ ಡ್ರಮ್ಮಿನ ಒಳಗೆ ಬ್ರೇಕ್ ಆಯಿಲ್ ಸೋರುತ್ತಿದೆ. ರಿಪೇರಿಯಾಗುವ ತನಕ ಓಡಿಸಬಾರದು.'

ಕೈಯಿಂದ ಬ್ರೇಕು ಹಾಕುವ ಸನ್ನೆಕೋಲು ಹಿಡಿದು ಕಾರನ್ನು ಓಣಿಯ ತುದಿಯವರೆಗೆ ಓಡಿಸಿ ಬಂದೆ. ಚೆನ್ನಾಗಿಯೇ ನಿಂತಿತು. ಬ್ರೇಕ್ ಆಯಿಲ್ ಡಬ್ಬಿಯೂ ತುಂಬಿತ್ತು. ಎರಡು ದಿನದ ಹಿಂದಷ್ಟೇ, ನೋಡಲು ಬರುವವರಿಗೆ ಚಂದ ಕಾಣಲಿ ಎಂದು ಕಾಕಾ ಎಂಜಿನ್ ತೊಳೆಸಿ, ಆ ಡಬ್ಬಿಯನ್ನೂ ತುಂಬಿಸಿದ್ದರಂತೆ. ಹೆಣ್ಣು ನೋಡಲು ಬರುತ್ತಾರೆಂದು ನಾವು ಮನೆಗೆ ಸುಣ್ಣ ಹೊಡೆಸಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಗಂಟೆ ಹನ್ನೊಂದು ದಾಟಿತ್ತು. ಬೆಳಗಿನ ಹಾಳೆ ಹರಿದು, ನನ್ನದನ್ನು ಕಳಿಸಿ ಹನ್ನೆರಡರ ಬಸ್ಸು ಹಿಡಿಯಬಹುದಿತ್ತು. ಆ ಯೋಚನೆ ಬಂದಿತ್ತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಾಕಾ ಅಷ್ಟರಲ್ಲಿ ಅಂಗಳಕ್ಕೆ ಬಂದು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಈಗ ಯಾವ್ದು ಖರೇ ತಿಳ್ಕೋಬೇಕ್ರಿ ಮಾಸ್ತರ?" ಎಂದರು. "ಮುಂಜಾನಿದೋ, ಇದೋ?"

ಇಂಥ ಪ್ರಶ್ನೆಗೆ ಉತ್ತರ ಕೊಡಲು ಒಂದೇ ದಾರಿ. ಅಂಗಿಯ ತೋಳು ಮಡಚಿ, ಕಾರಿನದೇ ಜಾಕು ಕೊಟ್ಟು ಎಡಗಾಲಿ ಎತ್ತಿದೆ. ಹಳೆಯ ಗಾಲಿಯ ನಟ್ಟು ತುಕ್ಕು ಹಿಡಿದು ಸತಾಯಿಸುವುದು ರೂಢಿ. ಇವು ಇದೀಗ ಬಿಗಿದಂತೆ ಸಲೀಸಾಗಿ ಬಂದವು. ಬ್ರೇಕನ್ನು ಮುಚ್ಚುವ ಡ್ರಮ್ಮಿಗೆ ಎರಡು ಪೆಟ್ಟು ಕೊಟ್ಟು ಎಳೆದೆ. ಒಳಗೆಲ್ಲ ಹಸಿಹಸಿ. ಬೆರಳಿಗೆ ಹತ್ತಿದ್ದು ಬ್ರೇಕ್ ಆಯಿಲ್ಲೇ. ಇನ್ನು ಕೆಲವು ದಿನ ಓಡಿಸಿದ್ದರೆ ಡಬ್ಬಿ ಬರಿದಾಗಿ, ಯಾವುದೋ ಇಳಿಜಾರಿನಲ್ಲಿ ಸನ್ನೆಕೋಲು ಎಳೆದರೂ ಕಾರು ನಿಲ್ಲುತ್ತಿರಲಿಲ್ಲ. ಸುಜಾತಾ ಟೀಚರಿಗೆ ಹಾರಿ ಇಳಿಯಲು ಕಾಲಿನಲ್ಲಿ ಶಕ್ತಿಯೂ ಇಲ್ಲ.

ಕಾಕಾನ ಮುಖ ಬಿಳಿಚಿಕೊಂಡಿತು. ಮಾರುವ ಮೊದಲು ಕೊನೆಯದೊಂದು ಸಲ ಹೆಂಡತಿಯನ್ನು ಕೂರಿಸಿಕೊಂಡು ನಂದಗಡದ ಸಂತೆಗೆ ಹೋಗಿ ಬರಬೇಕೆಂದಿದ್ದರಂತೆ. "ಕಣ್ಣ ಕಾಣಂಗಿಲ್ಲ, ಸಂತಿ ಬೇಕಂತ ಸಂತಿ!" ಎಂದು ಕಾಕು ಗದರಿದರು. ಗದರುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬೆಳಗಿನ ಹಾಳೆಯ ಫೋಟೋವನ್ನೇ ಬೀದರಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನು ಬಂತು. "ನಾಕೂ ಗಾಲಿ ಬಿಚ್ಚಿ ನೋಡೀರೇನ್ರಿ ಸರ್?" ಎಂದು ಟೀಚರ್ ಕೇಳಿದರು. ಹೂಂ ಎಂದೆ. ಫೋನಿಟ್ಟ ಮೇಲೆ ಮತ್ತೆ ಜಾಕು ಕೈಗೆತ್ತಿಕೊಂಡೆ. ನಾಲ್ಕು ಬಿಚ್ಚಿದವರು ಯಾರೋ, ನಾನು ಬಿಚ್ಚಿದ್ದು ಒಂದೇ. ಉಳಿದ ಮೂರನ್ನೂ ಬಿಚ್ಚಿ, ಒರೆಸಿ, ನೋಡಿ, ಜೋಡಿಸುವಷ್ಟರಲ್ಲಿ ಎರಡಾಯಿತು. ಅವು ಸರಿಯಾಗಿದ್ದವು, ಬೆಳಗಿನ ಹಾಳೆಯಲ್ಲಿದ್ದಂತೆಯೇ.

ಕೈತೊಳೆದ ಮೇಲೆ ಆಂಬೋಳಿ ಕೇಳಿದೆ. ಹಿಟ್ಟು ಮುಗಿದಿತ್ತು. ನನ್ನ ಪಾಲಿನದನ್ನು ನಾನೇ ತಿಂದು, ಸಾಲದ್ದಕ್ಕೆ ಕಟ್ಟಿಸಿಕೊಂಡೂ ಹೋಗಿದ್ದೆನಲ್ಲ. ಕಾಕು ಚಹಾ ಕೊಡುತ್ತ, "ಸಿಟ್ಟಾಗಬ್ಯಾಡ್ರಿ ಮಾಸ್ತರ. ಮುಂಜಾನಿ ಬಂದವರು ನಿಮಗಿಂತ ಸಾವಕಾಶದವರಿದ್ರು ನೋಡ್ರಿ" ಎಂದರು.

ಮನೆ ಮುಟ್ಟಿದಾಗ ಗಂಡಿನವರು ಬಂದು ಕೂತಾಗಿತ್ತು. ಅಂಗಿಯೆಲ್ಲ ಗ್ರೀಸು. ಹೆಂಡತಿ ನೋಡಿದ ನೋಟಕ್ಕೆ ಬ್ರೇಕೇ ಇರಲಿಲ್ಲ. ಆದರೆ ಹುಡುಗನ ತಂದೆ ಲಾರಿ ಓಡಿಸಿದ ಮನುಷ್ಯ. ತಡವಾದದ್ದೇಕೆಂದು ಕೇಳಿ, ಡ್ರಮ್ಮಿನ ಕಥೆಯಷ್ಟನ್ನೇ ನನ್ನಿಂದ ತಿಳಿದು, "ಇಂಥಾ ಮನಿ ಹೆಣ್ಣೇ ಬೇಕು" ಎಂದುಬಿಟ್ಟರು. ಕುರ್ಚಿ ಸಾಲದೆ ನನ್ನ ತಮ್ಮ ನಿಂತೇ ಇದ್ದ, ಅದೊಂದು ಬೇರೆ ಸಂತೋಷ.

ಕಾಕಾ ಬ್ರೇಕು ಸರಿಮಾಡಿಸಿದರು. ತಿಂಗಳೊಪ್ಪತ್ತಿನಲ್ಲಿ ಸುಜಾತಾ ಟೀಚರ್ ಅಣ್ಣನೊಂದಿಗೆ ಬಂದು ಕಾರು ತೆಗೆದುಕೊಂಡರು. ಬೆಳಗಾವಿಯಲ್ಲಿ ಕೋಟೆಯ ಸುತ್ತ ಒಂದು ಸುತ್ತು ನನ್ನನ್ನು ಕೂರಿಸಿಕೊಂಡು ಓಡಿಸಿದರು. ಇಳಿಯುವಾಗ, ರೈಲಿನಲ್ಲಿ ಹಾಕಿದ ಗುರುತಿನ ವಿಷಯವನ್ನೂ ಬೆಳಗಿನ ಹಾಳೆಯ ವಿಷಯವನ್ನೂ ಅವರಿಗೆ ಹೇಳಿಬಿಟ್ಟೆ. ಅವರು "ಮುಂಜಾನಿ ಬಂದವರಿಗೂ ನನ್ನ ನಮಸ್ಕಾರ ಹೇಳ್ರಿ ಸರ್" ಎಂದು ನಕ್ಕರು.

ಹೇಗೆ ಹೇಳಲಿ? ಹಳೆಯ ವಿದ್ಯಾರ್ಥಿ ಯಾರಾದರೂ ಆಟವಾಡಿದರೋ ಎಂದು ಹತ್ತಾರು ಮಂದಿಯನ್ನು ವಿಚಾರಿಸಿದೆ. ಹಿಂದಿನ ಸಂಜೆಯ ಹೆಬ್ಬೆರಳಿನ ಪಟ್ಟಿ ಯಾವ ವಿದ್ಯಾರ್ಥಿಗೆ ಗೊತ್ತಿತ್ತು? ಎರಡೂ ಹಾಳೆ ನನ್ನ ಕಪಾಟಿನಲ್ಲಿವೆ. ಬಿಡಿಸಿ ನೋಡಿದಷ್ಟೂ ನನ್ನ ಬುದ್ಧಿ ಸೋಲುತ್ತದೆ.

ಈಗಲೂ ಈ ಕೆಲಸ ಬಿಟ್ಟಿಲ್ಲ. ಯಾವ ಊರಿಗೆ ಹೋದರೂ ಗೇಟಿನಲ್ಲೇ ನಿಂತು, ಮುಂಜಾನೆ ನಾನು ಇಲ್ಲಿಗೆ ಬಂದಿದ್ದೆನೇ ಎಂದು ಮೊದಲು ಕೇಳುತ್ತೇನೆ. ಮಾಸ್ತರಿಗೆ ಅರಳುಮರಳು ಎಂದು ಜನ ನಗುತ್ತಾರೆ. ಇಲ್ಲ ಎನ್ನುತ್ತಾರೆ. ಇಂದಿನವರೆಗೆ ಎಲ್ಲ ಕಡೆಯೂ ಇಲ್ಲ ಎಂದೇ ಹೇಳಿದ್ದಾರೆ. ಅಂದರೆ ನನ್ನ ಬದಲು ಯಾರೂ ನೋಡಿ ಹೋಗಿಲ್ಲ, ಆ ಕಾರಿನಲ್ಲಿ ಕೂರುವವರಿಗೆ ಇರುವವನು ನಾನೊಬ್ಬನೇ ಎಂದಾಯಿತು. ತೋಳು ಮಡಚಿ ಜಾಕು ಕೇಳುತ್ತೇನೆ.