ಎರಡೂ ಕೈ ಬೇಕಾದ ಮಾತು

ಹನೂರಿನಿಂದ ಒಡೆಯರಪಾಳ್ಯದ ಕಡೆ ಹೋಗುವ ದಾರಿಯಲ್ಲಿ, ಕಾಡಂಚಿನ ಒಂದು ಊರಿನ ಪಂಚಾಯ್ತಿ ಗ್ರಂಥಾಲಯವನ್ನು ನೋಡಿಕೊಳ್ಳುವವನು ಬಸವೇಶ. ಪೇಪರು ಓದಲು ಬರುವ ಮುದುಕರು, ಪರೀಕ್ಷೆಗೆ ಓದುವ ಹುಡುಗಿಯರು ಬಿಟ್ಟರೆ ಅಲ್ಲಿಗೆ ತಪ್ಪದೆ ಬರುತ್ತಿದ್ದವಳು ಕೆಂಪಾಜಮ್ಮ. ಅವಳಿಗೆ ಓದು ಬಾರದು. ಹುಟ್ಟಿದಾಗಿನಿಂದ ಕಿವಿ ಕೇಳದು, ಬಾಯಲ್ಲಿ ಮಾತಿಲ್ಲ. ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟು ಒಂಟಿಯಾಗಿ ಬದುಕುತ್ತಿದ್ದಳು.

ಅವಳ ಅಕ್ಕ ರಾಮಮ್ಮನೂ ಹಾಗೆಯೇ ಹುಟ್ಟಿದವಳು. ಇಬ್ಬರೂ ಶಾಲೆಯ ಮುಖ ಕಂಡವರಲ್ಲ. ಚಿಕ್ಕಂದಿನಿಂದ ತಾವಿಬ್ಬರೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಮೀಸೆ ತಿರುವಿದರೆ ಅಪ್ಪ, ಮುಂಗೈಯನ್ನು ಮೂಗಿನಿಂದ ಇಳಿಬಿಟ್ಟು ತೂಗಿದರೆ ಆನೆ. ಹೆತ್ತವರಿಗೆ ಅದರಲ್ಲಿ ಉಣ್ಣು, ಮಲಗು, ಬಾ ಅನ್ನುವಷ್ಟು ತಿಳಿಯುತ್ತಿತ್ತು. ಯಾರ ಮೇಲೆ ಮುನಿಸು, ಯಾವುದಕ್ಕೆ ಹೆದರಿಕೆ, ನಿನ್ನೆ ಏನು ಕನಸು ಬಿತ್ತು ಅನ್ನುವುದೆಲ್ಲ ಅಕ್ಕತಂಗಿಯರ ನಡುವೆಯೇ ಉಳಿಯುತ್ತಿತ್ತು. ರಾಮಮ್ಮ ಮದುವೆಯಾಗಿ ಗಂಡನ ಜೊತೆ ತಿರುಪ್ಪೂರಿನ ಬನಿಯನ್ ಕಂಪನಿಗೆ ದುಡಿಯಲು ಹೋದಳು. ಗಂಡ ತೀರಿಕೊಂಡ ಮೇಲೂ ಮಗಳು ಕೋಮಲಳ ಜೊತೆ ಅಲ್ಲೇ ಉಳಿದಳು.

ಫೋನಿನಲ್ಲಿ ಮುಖ ನೋಡಬಹುದಿತ್ತು, ನಿಜ. ಆದರೆ ಫೋನು ಹಿಡಿಯಲು ಒಂದು ಕೈ ಹೋದರೆ ಮಾತು ಅರ್ಧವಾಗುತ್ತದೆ. ಗೋಡೆಗೆ ಒರಗಿಸಿಟ್ಟರೆ ಜಾರುತ್ತದೆ. ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬಂದು ಕೆಂಪಾಜಮ್ಮನಿಗೆ ದೃಷ್ಟಿ ಮಂದವಾಗಿ, ಅಷ್ಟಗಲದ ಗಾಜಿನಲ್ಲಿ ಅಕ್ಕನ ಬೆರಳುಗಳು ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ. ರವಿಕೆ ಬಟ್ಟೆ ಹೊಲಿಯಲು ಕೊಡಲು ಹೋಗಿದ್ದ ಬಸವೇಶನ ಹೆಂಡತಿ ಲಕ್ಷ್ಮಿದೇವಿ ಇದನ್ನು ಕಂಡು, "ಲೈಬ್ರರೀಲಿ ಅಷ್ಟ್ ದೊಡ್ಡ ಕಂಪ್ಯೂಟ್ರು ಸುಮ್ನೆ ಕುಂತದಲ್ಲ, ಅವ್ಳಿಗೆ ಆಕ್ಕೊಡಿ" ಅಂದಳು.

ಅಂದಿನಿಂದ ಪ್ರತಿ ಭಾನುವಾರ ಕೆಂಪಾಜಮ್ಮ ತಲೆ ಬಾಚಿಕೊಂಡು ಬಂದು ಪರದೆಯ ಮುಂದೆ ಕೂರುವಳು. ಎರಡೂ ಕೈ ಬಿಡುವಾಗಿರುತ್ತಿದ್ದವು. ಮಾತಿಲ್ಲದವಳೆಂದು ಊರು ತಿಳಿದಿದ್ದ ಹೆಂಗಸು ಎಷ್ಟು ಮಾತುಗಾತಿ ಅನ್ನುವುದನ್ನು ಬಸವೇಶ ಅಲ್ಲಿ ಕಂಡ. ಅಪ್ಪ, ಆನೆ, ಕಣ್ಣಿನ ಸುತ್ತ ಬೆರಳಿನಿಂದ ಉಂಗುರ ಮಾಡಿದರೆ ಕನ್ನಡಕ ಹಾಕಿದ ತಾನು, ಇಷ್ಟು ಅವನಿಗೆ ತಿಳಿಯಿತು. ತನ್ನ ಬಗ್ಗೆ ಏನು ಹೇಳಿ ನಗುತ್ತಾರೆಂಬುದು ಮಾತ್ರ ತಿಳಿಯಲಿಲ್ಲ.

ಆ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇತ್ತು. ಒಂದು ವಾರ ಅದು ಅಪ್‌ಡೇಟ್ ಕೇಳಿತು, ಬಸವೇಶ ಒಪ್ಪಿದ. ಆ ಭಾನುವಾರ ಕರೆ ಬಂದಾಗ ರಾಮಮ್ಮ ಆಸ್ಪತ್ರೆಯ ಮಂಚದ ಮೇಲಿದ್ದಳು, ಮೂಗಿಗೆ ಕೊಳವೆ ಹಾಕಿತ್ತು. ಕೆಂಪಾಜಮ್ಮ ಎದೆಗೆ ಕೈ ಇಟ್ಟುಕೊಂಡು ಎದ್ದು ನಿಂತಳು, ಮತ್ತೆ ಕೂತು ಅವಸರದಲ್ಲಿ ಏನೇನೋ ಕೇಳಿದಳು. ರಾಮಮ್ಮ ಪರದೆಯಲ್ಲಿ ಯಾರನ್ನೋ ಹುಡುಕುವವಳಂತೆ ನೋಡುತ್ತಿದ್ದಳು.

"ಅಣ್ಣ, ನಿಮ್ ಕಡೆ ಬರೀ ಕಪ್ಪಗದೆ, ಚಿಕ್ಕವ್ವ ಕಾಣ್ತಿಲ್ಲ" ಅಂದಳು ಕೋಮಲ. ಮೂರು ದಿನದಿಂದ ಉಸಿರಾಟ ಕೆಟ್ಟಿದೆ, ನೋಡುವವರಿದ್ದರೆ ಕರೆಸಿ ಎಂದು ಡಾಕ್ಟರು ಹೇಳಿದ್ದಾರೆ ಎಂದೂ ತಿಳಿಸಿದಳು. ದನಿ ಸ್ಪಷ್ಟವಾಗಿ ಬರುತ್ತಿತ್ತು. ಆ ಕೋಣೆಯಲ್ಲಿ ಅದನ್ನು ಕೇಳಬಲ್ಲವನು ಬಸವೇಶ ಒಬ್ಬನೇ. ಅದನ್ನು ಕೈಯಲ್ಲಿ ಹೇಳಲು ಅವನಿಗೆ ಬಾರದು. ಆ ಕೈಮಾತು ಅರೆಬರೆ ಬರುತ್ತಿದ್ದ ಕೋಮಲಳ ಒಂದು ಕೈಯಲ್ಲಿ ಫೋನಿತ್ತು.

ಕ್ಯಾಮೆರಾದ ವೈರು ಕಿತ್ತು ಹಿಂದಿನ ತೂತಿಗೆ ಚುಚ್ಚಿದ. ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದರೆ ಕೆಂಪಾಜಮ್ಮನ ಮುಖ ನಿಚ್ಚಳವಾಗಿ ಬಂತು. ಅದನ್ನು ಮುಚ್ಚಿ ಕರೆಗೆ ಬಂದರೆ ಮತ್ತೆ ಕಪ್ಪು. ತನ್ನ ಫೋನಿನಿಂದ ಪ್ರಯತ್ನಿಸಿದ. ಆ ಊರಿನ ನೆಟ್‌ವರ್ಕಿನಲ್ಲಿ ಚಿತ್ರದೊಳಗೆ ಎತ್ತಿದ ಕೈ ಎತ್ತಿದಲ್ಲೇ ನಿಂತುಬಿಟ್ಟಿತು. ಕೊನೆಗೆ ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಮೂರ್ತಿಗೆ ಫೋನು ಮಾಡಿದ.

"ಕ್ಯಾಮ್ರ ಚೆನ್ನಾಗೇ ಅದೆ ಕಣ್ಲಾ. ಅಪ್‌ಡೇಟ್ ಆದ್ಮೇಲೆ ಆ ಕರೆ ಮಾಡೋ ಪ್ರೋಗ್ರಾಮ್‌ಗೆ ಕ್ಯಾಮ್ರ ಮುಟ್ಟೋ ಪರ್ಮಿಶನ್ ಓಗ್ಬುಟ್ಟದೆ" ಎಂದ ಮೂರ್ತಿ, ಕಂಪ್ಯೂಟರಿಗೆ ಆಜ್ಞೆ ಬರೆಯುವ ಟರ್ಮಿನಲ್ ತೆರೆಸಿ ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಬರೆಸಿದ. ಒಂದು ಅಕ್ಷರ ತಪ್ಪಿ ಮತ್ತೆ ಮೊದಲಿನಿಂದ ಹೊಡೆಯಬೇಕಾಯಿತು. ಪಕ್ಕದಲ್ಲಿ ಕೆಂಪಾಜಮ್ಮನ ಕೈಗಳು ನಿಂತಿರಲಿಲ್ಲ. ಅತ್ತ ರಾಮಮ್ಮ ಗಲ್ಲಕ್ಕೆ ಬೆರಳು ಮುಟ್ಟಿಸಿ ಅಂಗೈ ಬಿಚ್ಚಿ ತೋರಿಸಿದಳು.

"ಚಿಕ್ಕವ್ವ ಎಲ್ಲಿ, ಯಾಕ್ ಬಂದಿಲ್ಲ ಅಂತ ಕೇಳ್ತಾವ್ಳೆ ಅಣ್ಣ" ಅಂದಳು ಕೋಮಲ.

ಕೆಂಪಾಜಮ್ಮ ತನ್ನ ಎದೆ ಬಡಿದುಕೊಂಡಳು, ಇಲ್ಲೇ ಇದ್ದೇನೆ ಅನ್ನುವಂತೆ. ಮತ್ತೆ ಮತ್ತೆ ಬಡಿದುಕೊಂಡಳು.

ಇನ್ನು ಕರೆ ಮುಚ್ಚಿ, ಪ್ರೋಗ್ರಾಮು ನಿಲ್ಲಿಸಿ, ಹೊಸದಾಗಿ ತೆರೆದರೆ ಆಯಿತು ಎಂದ ಮೂರ್ತಿ. ಬಸವೇಶ ಮೌಸಿಗೆ ಕೈ ಹಾಕಿದ್ದೇ ಕೆಂಪಾಜಮ್ಮ ಅವನ ಮುಂಗೈ ಹಿಡಿದುಕೊಂಡಳು. ಅಕ್ಕನ ಮುಖ ಅಳಿಸುತ್ತಾನೆಂದಷ್ಟೇ ಅವಳಿಗೆ ಗೊತ್ತಾಗಿದ್ದು. ಯಾಕೆಂದು ಹೇಗೆ ಹೇಳುವುದು? ತಾಳು ಎಂದು ಅಂಗೈ ತೋರಿಸಿದ. ಅವಳು ಬಿಡಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವನು ಕರೆ ಮುಚ್ಚಿದ. ಅವಳ ಗಂಟಲಿನಿಂದ ಬಂದ ಸದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ಮತ್ತೆ ಕರೆ ಮಾಡಿದಾಗ ಇತ್ತಲಿನ ಚಿತ್ರ ಅತ್ತ ಮುಟ್ಟಿತು. "ಚಿಕ್ಕವ್ವ ಕಾಣ್ತಾವ್ಳೆ ಅಣ್ಣ" ಅನ್ನುತ್ತ ಕೋಮಲ ತಾಯಿಯ ಭುಜ ಅಲುಗಿಸಿದಳು. ಇನ್ನೊಮ್ಮೆ ಅಲುಗಿಸಿದಳು. "ಅವ್ವ ಕಣ್ ಬುಡ್ತಿಲ್ಲ."

ಕೆಂಪಾಜಮ್ಮ ಮುಚ್ಚಿದ ಕಣ್ಣುಗಳ ಎದುರಿಗೇ ಹೇಳಬೇಕಾದುದನ್ನೆಲ್ಲ ಹೇಳಿದಳು. ಕೋಮಲ ನೋಡುತ್ತ, ತನಗೆ ತಿಳಿದಷ್ಟನ್ನು ತಾಯಿಯ ಅಂಗೈಯಲ್ಲಿ ತನ್ನ ಬೆರಳಿನಿಂದ ತೀಡುತ್ತಿದ್ದಳು.

ಮರುದಿನ ಮೊದಲ ಬಸ್ಸಿಗೆ ಬಸವೇಶ, ಲಕ್ಷ್ಮಿದೇವಿ ಕೆಂಪಾಜಮ್ಮನನ್ನು ಕರೆದುಕೊಂಡು ಸತ್ಯಮಂಗಲದ ಮೇಲೆ ತಿರುಪ್ಪೂರಿಗೆ ಹೊರಟರು. ಘಾಟಿ ಇಳಿಯುವಷ್ಟರಲ್ಲಿ ಕೋಮಲಳ ಫೋನು ಬಂತು. ಆ ಸುದ್ದಿಯನ್ನು ಕೆಂಪಾಜಮ್ಮನಿಗೆ ಹೇಳಬೇಕಾಗಿ ಬರಲಿಲ್ಲ. ಬಸವೇಶನ ಮುಖ ನೋಡಿ ಅವಳು ಕಿಟಕಿಯತ್ತ ತಿರುಗಿಕೊಂಡಳು.

ತಿಂಗಳ ಮೇಲೆ ಲಕ್ಷ್ಮಿದೇವಿಯ ರವಿಕೆ ಕೊಡಲು ಕೆಂಪಾಜಮ್ಮ ಮನೆಗೆ ಬಂದಳು. ಭಾನುವಾರ ಕೋಮಲ ಸಿಗುತ್ತಾಳೆ, ಬಾ ಎಂದು ಬಸವೇಶ ಹೇಗೋ ತಿಳಿಸಿದ. ಅವಳು ಕೈ ಎತ್ತಿ ಬಹಳ ಹೊತ್ತು ಏನೋ ಹೇಳಿದಳು. ಅದರಲ್ಲಿ ಅಪ್ಪ ಬಂದ, ಆನೆ ಬಂತು. ಉಳಿದದ್ದೊಂದೂ ಅವನಿಗೆ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿದ.

ತಿಳಿಯಲಿಲ್ಲವೆಂಬುದು ಅವಳಿಗೆ ಕಂಡಿತು. ನಡುವಿನಲ್ಲೇ ಕೈ ಇಳಿಸಿ, ಸೆರಗು ಹೊದ್ದುಕೊಂಡು ಬೀದಿಗೆ ಇಳಿದಳು.