ಹುಲಿಯ ಬದಲು ಹುಳಿ

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಹೇಗೆಂದು ನಿಯಮಾವಳಿ ಬರೆದ ಮಹಾನುಭಾವರು ನಮ್ಮ ರಾಮಶೇಷಯ್ಯನವರು. ಅದರಲ್ಲಿ ದುರ್ಬೀನು ಹಾಕಿ ಹುಡುಕಿದರೂ ಒಂದು ಕನ್ನಡ ಅಕ್ಷರ ಸಿಗುತ್ತಿರಲಿಲ್ಲ. ಎಲ್ಲವೂ ಇಂಗ್ಲಿಷ್ ಲಿಪಿ. ಬಣ್ಣವಿಲ್ಲ, ಚಿತ್ರವಿಲ್ಲ. ಚೌಕ ಬೇಕಾದಲ್ಲಿ ಕೀಲಿಮಣೆಯ ಅಡ್ಡಗೆರೆ, ಉದ್ದಗೆರೆಗಳನ್ನೇ ಸಾಲಾಗಿ ಒತ್ತುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಜಯನಗರದ ಪುಟ್ಟ ಕಚೇರಿಯಲ್ಲಿ ನಾನು ಅವರ ಕೈಕೆಳಗಿದ್ದೆ. "ಸಾರ್, ಕನ್ನಡ ಫಾಂಟ್ ಹಾಕಿ ಸಖತ್ತಾಗಿ ಮಾಡ್ಕೊಡ್ತೀನಿ" ಎಂದರೆ ಸಾಕು, ಅವರ ಕನ್ನಡಕ ಹಣೆಗೇರುತ್ತಿತ್ತು.

"ಇಡ್ಲಿಗೆ ಲಿಪ್‌ಸ್ಟಿಕ್ ಹಚ್ತೀಯೇನಯ್ಯಾ? ನಿನ್ ಫಾಂಟ್ ಇಲ್ದೋನು ಏನ್ ಓದ್ಬೇಕು, ಮಣ್ಣಾ? ಬರೀ ಟೆಕ್ಸ್ಟ್ ಇದ್ರೆ ಯಾವ ಡಬ್ಬಾ ಮೆಷಿನ್ನಲ್ಲೂ ಓದ್ಬೋದು!"

ನಿವೃತ್ತಿಗೆ ಮುಂಚೆ ಆ ನಿಯಮಾವಳಿ ಕಚೇರಿಯ ಭಾಷಾ ಸಮಿತಿಯಲ್ಲಿ ಪಾಸಾಗಬೇಕು, ಅಷ್ಟೇ ಅವರ ಆಸೆ. ಇಂಗ್ಲಿಷಿನಲ್ಲಿ 'ಳ' ಎಲ್ಲಿಂದ ತರುವುದು? ಅದಕ್ಕೂ ಉಪಾಯ ಮಾಡಿದ್ದರು: ಸಣ್ಣ ಎಲ್ ಒತ್ತಿದರೆ 'ಲ', ದೊಡ್ಡ ಎಲ್ ಒತ್ತಿದರೆ 'ಳ'.

ನಿಯಮಾವಳಿಯ ಪ್ರತಿಯು ಅಚ್ಚಿಗೆಂದು ಸಮಿತಿಯ ಕಾರ್ಯದರ್ಶಿಗಳ ಕೈಗೆ ಹೋಯಿತು. ತೀರಾ ಬೋಳಾಗಿದೆಯೆಂದು ಆ ಪುಣ್ಯಾತ್ಮರು ಉದಾಹರಣೆಗಳನ್ನೆಲ್ಲ ದೊಡ್ಡಕ್ಷರಕ್ಕೆ ತಿರುಗಿಸಿ, ದಪ್ಪ ಮಾಡಿ, ಅಚ್ಚುಹಾಕಿಸಿಬಿಟ್ಟರು. ಸಭೆಯಲ್ಲಿ ಜೆ.ಪಿ. ನಗರದ ಮೇಡಂ ಒಬ್ಬರು ಗಂಭೀರವಾಗಿ ಓದಿದರು: "ಹುಳಿ ಕಾಡುಮೃಗ."

"ಬೇಳೆ ಹುಳಿನಾ, ಮಜ್ಜಿಗೆ ಹುಳಿನಾ ಸಾರ್?" ಎಂದರು ಹಿಂದಿನ ಸಾಲಿನಲ್ಲಿ ಯಾರೋ. ಸಭೆ ಬಿದ್ದು ಬಿದ್ದು ನಕ್ಕಿತು.

"ನಾನ್ ಬರೆದಿದ್ದು ಹುಲೀನೇ ಕಣ್ರೀ! ಅಕ್ಷರ ದೊಡ್ಡದು ಮಾಡಿದ್ದು ಇವ್ರು!" ರಾಮಶೇಷಯ್ಯನವರು ಎದ್ದು ನಿಂತು ಕಾರ್ಯದರ್ಶಿಗಳತ್ತ ಕೈ ತೋರಿಸಿದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಕಾರ್ಯದರ್ಶಿಗಳು. ನೆಲ ಅಗೆದವರೇ ಗಾದೆ ಹೇಳುವುದೆಂದರೆ! ಕೊನೆಗೆ ಇನ್ಯಾರದೋ ಬಣ್ಣಬಣ್ಣದ ನಿಯಮಾವಳಿ ಪಾಸಾಯಿತು. ಅದು ಸಮಿತಿಯ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ತೆರೆಯುತ್ತಿರಲಿಲ್ಲ. ಅದರ ಚಿಂತೆ ಯಾರಿಗೂ ಇರಲಿಲ್ಲ ಬಿಡಿ.

ನಿವೃತ್ತರಾದ ಮೇಲೂ ಬನಶಂಕರಿಯ ಮನೆಯಿಂದ ಅವರ ಈಮೇಲ್ ಬರುತ್ತಿತ್ತು. ಬೋಳು ಬೋಳು, ಆದರೆ ತಪ್ಪದೆ ಓದಬಹುದಾಗಿತ್ತು. ಕೆಲವು ವರ್ಷಗಳ ನಂತರ ಅವರ ಮಗನಿಂದ ಒಂದು ಈಮೇಲ್ ಬಂತು. ಒಳಗೆ ಬಣ್ಣದ ಕಾರ್ಡು, ಸುತ್ತ ತುಳಸೀದಳದ ಅಂಚು, ನಡುವೆ ಅಕ್ಷರಗಳ ಬದಲು ಸಾಲು ಸಾಲು ಖಾಲಿ ಚೌಕ; ಅವನ ಫಾಂಟ್ ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಗೃಹಪ್ರವೇಶವೋ ಏನೋ, ಆಮೇಲೆ ಕೇಳಿದರಾಯಿತು ಎಂದುಕೊಂಡೆ.

ತಿಂಗಳಾದ ಮೇಲೆ ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಮಗ ಸಿಕ್ಕಿದ. ತಲೆ ಬೋಳಿಸಿದ ಗುರುತು ಇನ್ನೂ ಇತ್ತು.

"ಅಪ್ಪನ ವೈಕುಂಠ ಸಮಾರಾಧನೆಗೆ ನೀವು ಬರ್ಲೇ ಇಲ್ವಲ್ಲ ಸಾರ್. ಕಾರ್ಡ್ ಕಳ್ಸಿದ್ದೆ."

ಕನ್ನಡಕ ಹಣೆಗೇರಿಸಿ ಅವನನ್ನು ಗದರಬೇಕಾದವರು ಅಲ್ಲಿರಲಿಲ್ಲ.

"ಚೆನ್ನಾಗಿತ್ತಪ್ಪಾ ಕಾರ್ಡು" ಎಂದೆ.