ಬೆಟ್ಟ ಹತ್ತದ ಶಿಖರಣ್ಣ

ಕನ್ನಡಕದ ಅಂಗಡಿಯ ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ ಅವನ ಅರ್ಧ ಆಯುಷ್ಯ ಕಳೆದಿತ್ತು. ಮುಂದಿನ ಕೌಂಟರಿನವರನ್ನು ಗಿರಾಕಿಗಳು ಮಾತಾಡಿಸುತ್ತಿದ್ದರು. ಹಿಂದೆ ಕೂತವನು ಇದ್ದಾನೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ.

ಒಮ್ಮೆ ರಿಯಾಯಿತಿ ಮಾರಾಟದಲ್ಲಿ ಅವನೊಂದು ಕೆಂಪು ಜಾಕೆಟ್ ಕೊಂಡ. ಮೈತುಂಬ ಜೇಬು, ಎದೆಯ ಮೇಲೆ ಪುಟ್ಟ ಬೆಟ್ಟದ ಗುರುತು. ಮಾರನೆಯ ದಿನ ಅದನ್ನು ತೊಟ್ಟು ಅಂಗಡಿಗೆ ಹೋದಾಗ ಕ್ಯಾಷ್ ಕೌಂಟರಿನ ಹುಡುಗಿ ಕಣ್ಣರಳಿಸಿದಳು. "ಅಣ್ಣಾ, ನೀವು ಬೆಟ್ಟ ಹತ್ತೋರಾ? ಹೇಳೇ ಇಲ್ವಲ್ಲ!"

ಇಲ್ಲ ಎನ್ನಬಹುದಿತ್ತು. "ಹೂಂ... ಆಗಾಗ" ಎಂಬ ಮಾತು ಬಾಯಿಂದ ತಾನಾಗಿ ಜಾರಿತು.

ಅಂದಿನಿಂದ ಅವನು ಎಲ್ಲರಿಗೂ ಶಿಖರಣ್ಣ. ಹೆಸರಿಗೆ ತಕ್ಕ ಹಾಗೆ ದಪ್ಪ ಅಟ್ಟೆಯ ಬೂಟು ಬಂತು, ಬೆನ್ನಿನ ಚೀಲ ಬಂತು, ಮಡಚುವ ಕೋಲು ಬಂತು, ಕೊನೆಗೆ ನೀಲಿ ಹಗ್ಗದ ದೊಡ್ಡ ಸುರುಳಿಯೂ ಬಂತು. ಹುಟ್ಟುಹಬ್ಬಕ್ಕೆ ಅಂಗಡಿಯವರು ಬೆಟ್ಟದ ಚಿತ್ರದ ಲೋಟ ಕೊಟ್ಟರು. ಭಾನುವಾರ ಚೀಲ ಹೊತ್ತು ಮನೆಯಿಂದ ಹೊರಟವನು ಕ್ರೀಡಾ ಸಾಮಗ್ರಿಯ ದೊಡ್ಡ ಮಳಿಗೆಯ ಮೂರನೆಯ ಮಹಡಿಯಲ್ಲಿ ಗುಡಾರಗಳನ್ನು ಮುಟ್ಟಿ ನೋಡುತ್ತ ಸಂಜೆ ಮಾಡುತ್ತಿದ್ದ. ಅಲ್ಲಿಯೂ ಮಹಡಿಯಂಚಿನ ಕಟಕಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಏಕೆಂದರೆ ಶಿಖರಣ್ಣನಿಗೆ ಎತ್ತರವೆಂದರೆ ಜೀವಭಯ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಹೆಂಡತಿ. ಇವನು ಕಣ್ಣು ಮುಚ್ಚಿಕೊಂಡು ಸ್ಟೂಲಿನ ಕಾಲು ಹಿಡಿಯುವವನು.

ಈ ಗುಟ್ಟು ಬಲ್ಲವಳು ಅವಳೊಬ್ಬಳೇ. ಅವಳು ನಗುತ್ತಿದ್ದಳು. ಅವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಯಾರಾದರೂ "ಹೋದ ವಾರ ಎಲ್ಲಿಗೆ?" ಎಂದರೆ ಹಿಂದಿನ ವಾರ ಹೇಳಿದ ಸುಳ್ಳನ್ನು ನೆನಪು ಮಾಡಿಕೊಳ್ಳುತ್ತ ಬೆವರುತ್ತಿದ್ದ.

ಅಂಥವನ ಮುಂದೆ ಅಂಗಡಿಯ ಯಜಮಾನರು ಒಂದು ದಿನ ಘೋಷಿಸಿಬಿಟ್ಟರು: "ಈ ಸಲ ಎಲ್ಲರೂ ಬಂಡೆಬೆಟ್ಟಕ್ಕೆ ಹೋಗೋಣ. ಶಿಖರಣ್ಣ ಇರೋವಾಗ ನಮಗೇನು ಚಿಂತೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

"ನಿಜ ಹೇಳಿಬಿಡ್ರೀ, ತಲೆ ಹೋಗಲ್ಲ" ಎಂದಳು ರಾತ್ರಿ ಹೆಂಡತಿ.

"ಹೇಳಿದ್ರೆ ಆಮೇಲೆ ನಾನು ಯಾರು?"

"ಮೊದಲು ಯಾರಾಗಿದ್ರೋ ಅವರೇ."

ಅವನನ್ನು ಹೆಚ್ಚು ಹೆದರಿಸಿದ್ದು ಆ ಉತ್ತರವೇ.

ಹೊರಡುವ ಬೆಳಿಗ್ಗೆ ಜ್ವರದ ನೆಪ ಹೇಳಲು ಫೋನ್ ಕೈಗೆತ್ತಿಕೊಂಡ. ಅಷ್ಟರಲ್ಲಿ ವ್ಯಾನು ಬಾಗಿಲಿಗೇ ಬಂದು ನಿಂತಿತ್ತು.

ಬೆಟ್ಟದ ಅರ್ಧದವರೆಗೆ ಮರಗಳ ನಡುವೆ ಅಗಲವಾದ ದಾರಿ. ಬೂಟು ಹಿಮ್ಮಡಿ ಕಚ್ಚುತ್ತಿದ್ದರೂ ಅವನು ಮುಂದೆ ಮುಂದೆ ನಡೆದ. ಮರಗಳು ಮುಗಿದಲ್ಲಿ ದಾರಿ ಕವಲೊಡೆಯಿತು. ಎಲ್ಲರೂ ನಿಂತು ಅವನ ಮುಖ ನೋಡಿದರು. ಗೊತ್ತಿದ್ದವನಂತೆ ಅವನು ಕೋಲೆತ್ತಿ ಎಡಕ್ಕೆ ತೋರಿಸಿದ.

ಕ್ಯಾಷ್ ಕೌಂಟರಿನ ಹುಡುಗಿ ಉತ್ಸಾಹದಿಂದ ಮುಂದೆ ಓಡಿದಳು. ತಿರುವು ದಾಟಿದ್ದೇ ದಾರಿ ಸವೆಯುತ್ತ ಸವೆಯುತ್ತ, ಬೋಳು ಬಂಡೆಯ ಮೈಮೇಲೆ ಗೇಣಗಲದ ಅಂಚಾಗಿ ಉಳಿದಿತ್ತು. ಒಂದು ಪಕ್ಕ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಬರೀ ಗಾಳಿ. ಅದು ಅರಿವಾಗುವ ಹೊತ್ತಿಗೆ ಅವಳು ನಡುವೆ ಇದ್ದಳು. ತಿರುಗಲು ಜಾಗವಿಲ್ಲ.

"ಶಿಖರಣ್ಣಾ! ಕಾಲು ಜಾರ್ತಿದೆ. ಮುಂದೆ ಹೋಗ್ಲಾ?"

ಅವಳ ಬೆನ್ನಿಗೇ ಬಂದು ನಾಲ್ಕು ಮಾರು ಹಿಂದಿದ್ದ ಅವನು ಕೆಳಗೆ ನೋಡಿಬಿಟ್ಟಿದ್ದ. ವ್ಯಾನು ಬೆಂಕಿಪೊಟ್ಟಣದಷ್ಟು ಕಂಡಿತು. ಲೋಕವೆಲ್ಲ ಗರ್ರನೆ ತಿರುಗಿತು. ಬಂಡೆಗೆ ಹಲ್ಲಿಯಂತೆ ಅಂಟಿಕೊಂಡು ಮಲಗಿಬಿಟ್ಟ. ಉಗುರು ಕಲ್ಲಿಗೆ ಕಚ್ಚಿ ರಕ್ತ ಬಂತು.

"ಅಣ್ಣಾ, ಹೇಳಿ! ಮುಂದೆ ಹೋಗ್ಲಾ?" ಅವಳ ದನಿ ಬಿರಿಯಿತು. ಒಂದು ಕಾಲು ಆಗಲೇ ಮೇಲೆದ್ದಿತ್ತು.

"ಬೇಡ!" ಎಂದು ಕಿರುಚಿದ. "ಬೇಡ ತಂಗೀ. ನನಗೇನೂ ಗೊತ್ತಿಲ್ಲ. ಯಾವತ್ತೂ ಯಾವ ಬೆಟ್ಟವನ್ನೂ ಹತ್ತಿಲ್ಲ ನಾನು. ಎಲ್ಲಾ ಸುಳ್ಳು. ಇದ್ದಲ್ಲೇ ಕೂತ್ಕೋ."

ಎತ್ತಿದ ಕಾಲನ್ನು ಅವಳು ಮೆಲ್ಲಗೆ ಹಿಂದಕ್ಕಿಟ್ಟು, ಗೋಡೆಗೆ ಬೆನ್ನುಜ್ಜಿಕೊಂಡೇ ಕುಸಿದು ಕೂತಳು.

ತಿರುವಿನಾಚೆ ಯಜಮಾನರು ಫೋನಿನಲ್ಲಿ ಕೂಗಾಡುತ್ತಿದ್ದರು. ಸಹಾಯ ಬರುವವರೆಗೆ ಇಬ್ಬರೂ ಅಲ್ಲೇ ಇದ್ದರು. ಅವಳು ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು. ಅವನು ತಲೆ ಎತ್ತದೆ, "ಬೈಯಿ ತಂಗೀ, ಬೈತಾ ಇರು, ಕೆಳಗೆ ಮಾತ್ರ ನೋಡ್ಬೇಡ" ಎನ್ನುತ್ತಿದ್ದ. ಬೈಗುಳ ಒಂದು ಕ್ಷಣ ನಿಂತರೂ ಅವನ ಜೀವ ಬಾಯಿಗೆ ಬರುತ್ತಿತ್ತು.

ಬೆಟ್ಟದ ಕಾವಲಿನವರು ಇಬ್ಬರು ಬಂದರು. "ಹಗ್ಗ ಇದೆಯಾ?" ಎಂದು ಒಬ್ಬ ಅವನ ಬೆನ್ನಿನ ಚೀಲ ಬಿಚ್ಚಿದ. ನೀಲಿ ಸುರುಳಿಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಕಾವಲಿನವನು ಒಮ್ಮೆ ಶಿಖರಣ್ಣನ ಮುಖ ನೋಡಿ, ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದ. ಅದೇ ಹಗ್ಗದಲ್ಲಿ ಮೊದಲು ಹುಡುಗಿಯನ್ನು, ಆಮೇಲೆ ಇವನನ್ನು ಈಚೆಗೆ ತಂದರು. ಹಗ್ಗ ವಾಪಸು ಕೊಡಲು ಬಂದಾಗ ಅವನು ಕೈಚಾಚಲಿಲ್ಲ. "ನಿಮ್ಮ ಹತ್ರಾನೇ ಇರ್ಲಿ" ಎಂದ.

ಅಂಗಡಿಯಲ್ಲಿ ಯಾರೂ ಗೇಲಿ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಶಿಖರಣ್ಣ ಎನ್ನಲು ನಾಲಗೆ ಬಾರದೆ, ಬೇರೆ ಏನೆನ್ನಬೇಕೆಂದು ತಿಳಿಯದೆ, "ಇವರೇ" ಎನ್ನತೊಡಗಿದರು. ಹುಡುಗಿ ಬಹಳ ದಿನ ಮಾತು ಬಿಟ್ಟಳು. ಒಂದು ಮಧ್ಯಾಹ್ನ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು, "ಆ ಕಾಲು ಮುಂದಿಟ್ಟಿದ್ರೆ ನಾನು ಇರ್ತಿರಲಿಲ್ಲ. ನೀವು ನಿಜ ಹೇಳಿದ್ದಕ್ಕೆ ಕೂತೆ. ಆದ್ರೆ ಅಲ್ಲಿಗೆ ಕಳಿಸಿದ್ದೂ ನೀವೇ" ಎಂದಳು. ಅವನು ತಲೆಯಾಡಿಸಿದ. ಎರಡೂ ಸರಿಯಾಗಿತ್ತು.

ಈಗ ಅವನಿಗೆ ಭಾನುವಾರವೇ ಭಯ. ಜಾಕೆಟ್ ಇಲ್ಲ, ಚೀಲ ಇಲ್ಲ, ಹೋಗಬೇಕಾದ ಮಳಿಗೆಯೂ ಇಲ್ಲ. ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ.

"ನಿಮಗೆ ನಿಜವಾಗ್ಲೂ ಏನು ಮಾಡೋಕೆ ಇಷ್ಟ?" ಎಂದು ಹೆಂಡತಿ ಮೊನ್ನೆ ಕೇಳಿದಳು.

ಅವನು ಯೋಚಿಸಿದ. ಯಾವುದಾದರೊಂದು ಹೆಸರು ಹೇಳಿ ಪಾರಾಗುವ ಆಸೆ ನಾಲಗೆಯ ತುದಿವರೆಗೂ ಬಂತು.

"ಗೊತ್ತಿಲ್ಲ ಕಣೇ" ಎಂದ ಕೊನೆಗೆ.

"ಸರಿ ಬಿಡಿ, ಗೊತ್ತಾಗೋವಾಗ ಗೊತ್ತಾಗತ್ತೆ" ಎಂದು ಅವಳು ಅವನ ಪಕ್ಕದಲ್ಲೇ ಕೂತಳು. ತೊಡೆಯ ಮೇಲಿದ್ದ ಅವನ ಖಾಲಿ ಕೈಯನ್ನು ಹಿಡಿದುಕೊಂಡಳು.